ಲಂಬರೇಖಾ ಪರೀಕ್ಷೆ: ಈ ನಾಲ್ಕು ಗ್ರಾಫ್‌ಗಳಲ್ಲಿ ಫಂಕ್ಷನ್ ಯಾವುದು, ಅಲ್ಲದ್ದು ಯಾವುದು?

ಮುಲುಂಡ್ ಟ್ಯೂಷನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಹನ್ನೊಂದನೆಯ ಸೈನ್ಸ್‌ಗೆ ಇಂಗ್ಲಿಷಿನಲ್ಲಿ ಕೂತಿರುವ ಮಕ್ಕಳಿಗಾಗಿ ಒಂದು ಅಭ್ಯಾಸದ ಹಾಳೆ ತಯಾರಾಗುತ್ತಿದೆ. ವಿಷಯ ವರ್ಟಿಕಲ್ ಲೈನ್ ಟೆಸ್ಟ್. "ಲಂಬ ರೇಖೆ ಗ್ರಾಫನ್ನು ಒಂದಕ್ಕಿಂತ ಹೆಚ್ಚು ಕಡೆ ಕತ್ತರಿಸಿದರೆ ಅದು ಫಂಕ್ಷನ್ ಅಲ್ಲ" ಎಂಬ ಸಾಲು ಎಲ್ಲರಿಗೂ ಬಾಯಿಪಾಠ. ವೃತ್ತ ತೋರಿಸಿದರೆ ಅಲ್ಲ ಅನ್ನುತ್ತಾರೆ, ನೆಟ್ಟಗಿನ ಪ್ಯಾರಾಬೋಲಾ ತೋರಿಸಿದರೆ ಹೌದು ಅನ್ನುತ್ತಾರೆ. ಅಲ್ಲಿಗೆ ಸರಿ. ಆದರೆ ಕೆಳಗಿನ ನಾಲ್ಕರಲ್ಲಿ ತರಗತಿ ಎರಡು ಪಾಲಾಗುತ್ತದೆ.

1. ವೈ = ಟ್ಯಾನ್ ಎಕ್ಸ್. ಫೋನಿನ ಆ್ಯಪ್ ತೆಗೆದ ಚಿತ್ರದಲ್ಲಿ 90°ಯ ಹತ್ತಿರ ಮೇಲಿಂದ ಕೆಳಗಿನವರೆಗೆ ನೆಟ್ಟನೆಯ ಗೆರೆ ಕಾಣುತ್ತದೆ.

2. ಬಸ್ ಟಿಕೆಟಿನ ಮೆಟ್ಟಿಲು ಗ್ರಾಫ್. 5 ಕಿ.ಮೀ. ವರೆಗೆ 10 ರೂಪಾಯಿ, ಅದನ್ನು ದಾಟಿ 10 ಕಿ.ಮೀ. ವರೆಗೆ 15 ರೂಪಾಯಿ ಎಂದಿಟ್ಟುಕೊಂಡಿದ್ದೇವೆ. ಸರಿಯಾಗಿ 5ರಲ್ಲಿ ರೇಖೆ ಎರಡು ಕಡೆ ತಾಗುತ್ತದೆ ಎಂದು ಅರ್ಧ ಮಕ್ಕಳ ವಾದ.

3. ಎಕ್ಸ್‌ನ ಘನಮೂಲ. ಮೂಲಬಿಂದುವಿನಲ್ಲಿ ಗ್ರಾಫ್ ನಿಗುರಿ ನಿಂತಂತೆ ಕಾಣುತ್ತದೆ.

4. ವೈ² = ಎಕ್ಸ್ ಪ್ಯಾರಾಬೋಲಾದ ಮೇಲಿನ ಅರ್ಧ ಮಾತ್ರ. "ಮಲಗಿದ ಪ್ಯಾರಾಬೋಲಾ ಫಂಕ್ಷನ್ ಅಲ್ಲ" ಎಂದು ಕೆಲವರು. ಎಡಭಾಗದಲ್ಲಿ ರೇಖೆ ಏನನ್ನೂ ಮುಟ್ಟುವುದಿಲ್ಲ, ಆದ್ದರಿಂದ ಅಲ್ಲ ಎಂದು ಇನ್ನು ಕೆಲವರು.

ಉತ್ತರದ ಜೊತೆಗೆ, ಮಕ್ಕಳು ತಪ್ಪುವುದು ಎಲ್ಲಿ ಎಂಬುದೂ ಬೇಕು. ಪರೀಕ್ಷೆಯಲ್ಲಿ ಇದನ್ನು ಹೇಗೆ ಬರೆದರೆ ಪೂರ್ತಿ ಅಂಕ ಸಿಗುತ್ತದೆ?

ಕೋಥ್ರೂಡ್ ಮೇಷ್ಟ್ರು

ಮೊದಲು ಆ ಬಾಯಿಪಾಠದ ಸಾಲನ್ನೇ ಬಿಚ್ಚಿಡಿ. ಫಂಕ್ಷನ್ ಅಂದರೆ ಒಂದು ಎಕ್ಸ್‌ಗೆ ಒಂದೇ ವೈ. ಎಕ್ಸ್ = 3 ಎಂಬ ಲಂಬ ರೇಖೆ ಅಂದರೆ ಮೊದಲ ನಿರ್ದೇಶಾಂಕ 3 ಇರುವ ಬಿಂದುಗಳೆಲ್ಲ ಒಂದರ ಮೇಲೊಂದು ನಿಂತ ಸಾಲು. ಆ ಸಾಲಿನಲ್ಲಿ ಗ್ರಾಫಿನ ಎರಡು ಬಿಂದು ಸಿಕ್ಕವು ಅಂದರೆ 3ಕ್ಕೆ ಎರಡು ವೈ ಸಿಕ್ಕವು ಎಂದರ್ಥ. ಪರೀಕ್ಷೆ ಇಷ್ಟೇ. ಅದು ಬೇರೆ ನಿಯಮವಲ್ಲ, ವ್ಯಾಖ್ಯೆಯನ್ನೇ ಕಣ್ಣಿಗೆ ಕಾಣುವಂತೆ ನಿಲ್ಲಿಸಿದ್ದು. ಇದು ತಲೆಗೆ ಹೋದ ಮಗು ಮುಂದೆ ಲಂಬವೋ ಅಡ್ಡವೋ ಎಂದು ಗಲಿಬಿಲಿ ಮಾಡಿಕೊಳ್ಳುವುದಿಲ್ಲ.

ಇನ್ನು ಲಂಬ ರೇಖೆ ಗ್ರಾಫನ್ನು ತಾಗಬಹುದಾದದ್ದು "ಹೆಚ್ಚೆಂದರೆ ಒಂದು" ಕಡೆ ಎಂಬ ಮಾತು. ಬಹಳ ಮಕ್ಕಳು ಇದನ್ನು "ಸರಿಯಾಗಿ ಒಂದು" ಎಂದು ಓದಿಕೊಳ್ಳುತ್ತಾರೆ. ರೇಖೆ ಎಲ್ಲೂ ತಾಗದಿದ್ದರೆ ಆ ಎಕ್ಸ್ ಡೊಮೇನ್‌ನಲ್ಲಿ, ಅಂದರೆ ಫಂಕ್ಷನ್‌ಗೆ ಬೆಲೆ ಇರುವ ಎಕ್ಸ್‌ಗಳ ಗುಂಪಿನಲ್ಲಿ, ಇಲ್ಲ, ಅಷ್ಟೇ. ನಿಮ್ಮ ನಾಲ್ಕನೆಯ ಚಿತ್ರ ಇಲ್ಲೇ ಬಗೆಹರಿಯುತ್ತದೆ: ಮೇಲಿನ ಅರ್ಧ ಅಂದರೆ ವೈ = √ಎಕ್ಸ್, ಡೊಮೇನ್ ಸೊನ್ನೆಯಿಂದ ಬಲಕ್ಕೆ. ಅಲ್ಲಿ ಪ್ರತಿ ಲಂಬ ರೇಖೆ ಒಂದೇ ಕಡೆ ತಾಗುತ್ತದೆ, ಎಡಕ್ಕೆ ಎಲ್ಲೂ ತಾಗುವುದಿಲ್ಲ. ಫಂಕ್ಷನ್ ಹೌದು. "ಮಲಗಿದ ಪ್ಯಾರಾಬೋಲಾ" ಎಂಬ ಆಕಾರದ ಹೆಸರು ಹಿಡಿದು ತೀರ್ಪು ಕೊಡುವುದೇ ತಪ್ಪಿನ ಮೂಲ. ವೃತ್ತಕ್ಕೂ ಇದೇ ಮಾತು: ಎಕ್ಸ್² + ವೈ² = 25ರ ಮೇಲಿನ ಅರ್ಧ ಫಂಕ್ಷನ್, ಬಲಗಡೆಯ ಅರ್ಧ ಅಲ್ಲ.

ಎರಡನೆಯ ಚಿತ್ರ, ಬಸ್ಸಿನದು. ಇಲ್ಲಿ ತೀರ್ಮಾನವಿರುವುದು ಗೆರೆಯ ತುದಿಯ ಪುಟ್ಟ ವೃತ್ತದಲ್ಲಿ. 5 ಕಿ.ಮೀ.ಗೆ 10 ರೂಪಾಯಿ ಎಂದಮೇಲೆ ಕೆಳಮೆಟ್ಟಿಲ ಬಲತುದಿಯಲ್ಲಿ ತುಂಬಿದ ವೃತ್ತ, ಮೇಲ್ಮೆಟ್ಟಿಲ ಎಡತುದಿಯಲ್ಲಿ ಖಾಲಿ ವೃತ್ತ. ಖಾಲಿ ವೃತ್ತ ಅಂದರೆ "ಇಲ್ಲಿಯವರೆಗೆ ಬಂದೆ, ಈ ಬಿಂದು ನನ್ನದಲ್ಲ" ಎಂದು. ಆದ್ದರಿಂದ ಎಕ್ಸ್ = 5ರ ರೇಖೆ ಗ್ರಾಫನ್ನು ತಾಗುವುದು ಒಂದೇ ಕಡೆ. ಎರಡೂ ತುಂಬಿದ್ದರೆ ಫಂಕ್ಷನ್ ಅಲ್ಲ. ಎರಡೂ ಖಾಲಿ ಇದ್ದರೆ ಫಂಕ್ಷನ್ ಹೌದು, ಆದರೆ ಸರಿಯಾಗಿ 5 ಕಿ.ಮೀ. ಹೋದವನ ಟಿಕೆಟ್ ಎಷ್ಟು ಎಂದು ಅದು ಹೇಳುವುದಿಲ್ಲ. ಹಾಳೆಯಲ್ಲಿ ವೃತ್ತಗಳನ್ನು 2 ಮಿ.ಮೀ. ಅಗಲಕ್ಕಾದರೂ ಬಿಡಿಸಿ. ಜೆರಾಕ್ಸ್ ಮಾಡಿಸಿದಾಗ ಸಣ್ಣ ಖಾಲಿ ವೃತ್ತ ಕಪ್ಪಾಗಿ ತುಂಬಿಕೊಂಡು ಸರಿಯಾದ ಪ್ರಶ್ನೆ ತಪ್ಪು ಪ್ರಶ್ನೆಯಾಗುತ್ತದೆ.

ಇದೇ ಗ್ರಾಫಿನಲ್ಲಿ ಮಕ್ಕಳು ಮಾಡುವ ಇನ್ನೊಂದು ತಪ್ಪು: "ಮೆಟ್ಟಿಲು" ಎಂಬ ಹೆಸರಿಗೆ ಸೋತು ಎರಡು ಅಡ್ಡಗೆರೆಗಳ ನಡುವೆ ನೆಟ್ಟನೆಯ ಗೆರೆ ಎಳೆದು ನಿಜವಾದ ಮೆಟ್ಟಿಲನ್ನೇ ಕಟ್ಟುವುದು. ಆ ಗೆರೆ ಬಂದರೆ 5 ಕಿ.ಮೀ.ಗೆ 10ರಿಂದ 15ರವರೆಗಿನ ದರವೆಲ್ಲ ಉತ್ತರ ಎಂದಾಯಿತು. ಪೆನ್ಸಿಲನ್ನು ಎತ್ತಿ ಮುಂದಿನ ಅಡ್ಡಗೆರೆ ಶುರು ಮಾಡಬೇಕು.

ಮೂರನೆಯದು ಘನಮೂಲ. ಇದೂ ಫಂಕ್ಷನ್ನೇ. ಕಡಿದಾಗಿರುವುದು ಬೇರೆ, ಲಂಬ ತುಣುಕು ಇರುವುದು ಬೇರೆ. 0.001ರ ಘನಮೂಲ 0.1, ಋಣ 0.001ರದ್ದು ಋಣ 0.1. ಒಂದು ಸೆಂ.ಮೀ.ಗೆ ಒಂದು ಮಾನ ಎಂಬ ಪ್ರಮಾಣದಲ್ಲಿ ಬಿಡಿಸಿದರೆ ಗ್ರಾಫ್ 2 ಮಿ.ಮೀ. ಮೇಲೇರುವಾಗ ಪಕ್ಕಕ್ಕೆ ಸರಿಯುವುದು 0.02 ಮಿ.ಮೀ. ಮಾತ್ರ. ಅರ್ಧ ಮಿ.ಮೀ. ದಪ್ಪದ ಪೆನ್ಸಿಲ್ ಗೆರೆಗೆ ಅದು ಹೇಗೆ ಕಂಡೀತು? ಮಕ್ಕಳಿಗೆ ನಂಬಿಕೆ ಬರಬೇಕಾದರೆ ಪ್ರಮಾಣ ಬದಲಿಸಿ ಇನ್ನೊಂದು ಚಿತ್ರ ಕೊಡಿ: ಎಕ್ಸ್-ಅಕ್ಷದಲ್ಲಿ 1 ಸೆಂ.ಮೀ. = 0.001, ವೈ-ಅಕ್ಷದಲ್ಲಿ 1 ಸೆಂ.ಮೀ. = 0.1. ಆಗ (0.001, 0.1), (0.002, 0.126), (0.008, 0.2) ಬಿಂದುಗಳು ಬೇರೆಬೇರೆಯಾಗಿ ಕೂರುತ್ತವೆ, ವಕ್ರರೇಖೆ ಬಲಕ್ಕೆ ಬಾಗಿಕೊಂಡು ಹೋಗುವುದು ಕಾಣುತ್ತದೆ.

ಕೈಯಲ್ಲಿ ಪರೀಕ್ಷೆ ಮಾಡುವ ಕ್ರಮವನ್ನೂ ಕಲಿಸಿ. ಅಳತೆಪಟ್ಟಿಯನ್ನು ಎಕ್ಸ್-ಅಕ್ಷದ ಉದ್ದಕ್ಕೆ ಇಟ್ಟು ಎಡಗೈಯಲ್ಲಿ ಒತ್ತಿ ಹಿಡಿಯಬೇಕು. ಅದರ ಮೇಲೆ ಮೂಲೆಮಟ್ಟವನ್ನು ಕೂರಿಸಿ ಎಡದಿಂದ ಬಲಕ್ಕೆ ಜಾರಿಸಬೇಕು. ಬರಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸರಿಸಿದರೆ ಅದು ಎರಡು ಮೂರು ಡಿಗ್ರಿ ವಾಲುತ್ತದೆ, ವಾಲಿದ ಅಂಚು ಕಡಿದಾದ ಗ್ರಾಫನ್ನು ಎರಡು ಕಡೆ ಕತ್ತರಿಸಿ ಸುಳ್ಳು ಹೇಳುತ್ತದೆ. ಎಲ್ಲ ಕಡೆ ನಿಲ್ಲುವ ಅಗತ್ಯವಿಲ್ಲ. ಗೆರೆಯ ತುದಿಗಳು, ತುಂಡಾದ ಜಾಗಗಳು, ಪುಟ್ಟ ವೃತ್ತಗಳು, ಬಿಡಿಯಾಗಿ ಬಿದ್ದ ಚುಕ್ಕಿಗಳು, ಮತ್ತು ಗ್ರಾಫ್ ಎಡಕ್ಕೋ ಬಲಕ್ಕೋ ಹೊಟ್ಟೆ ಬಿಟ್ಟು ಹಿಂದಿರುಗುವ ಜಾಗದ ಸ್ವಲ್ಪ ಒಳಗೆ ನಿಂತು ನೋಡಿದರೆ ಸಾಕು. "ಸ್ವಲ್ಪ ಒಳಗೆ" ಎಂದದ್ದಕ್ಕೆ ಕಾರಣ ಉಂಟು: ಮೇಲಿನ ವೃತ್ತವನ್ನು ಎಕ್ಸ್ = 5ರಲ್ಲಿ ಪರೀಕ್ಷಿಸಿದರೆ ಒಂದೇ ಬಿಂದು ಸಿಗುತ್ತದೆ, ಎಕ್ಸ್ = 3ರಲ್ಲಿ ವೈ = 4 ಮತ್ತು ಋಣ 4 ಎರಡೂ ಸಿಗುತ್ತವೆ. ಅಂಚನ್ನು ಮಾತ್ರ ನೋಡಿ ಪಾಸ್ ಮಾಡಿದವರು ಬಹಳ ಮಂದಿ.

ವಾಶಿ ಸ್ಲೈಡರ್

ಮೇಷ್ಟ್ರು ಒಂದನೆಯದನ್ನು ಬಿಟ್ಟಿದ್ದಾರೆ, ಆ್ಯಪ್‌ಗೆ ಸಂಬಂಧಿಸಿದ್ದಾದ್ದರಿಂದ ನಾನು ಬರೆಯುತ್ತೇನೆ.

ಟ್ಯಾನ್ ಗ್ರಾಫಿನಲ್ಲಿ 90°ಯ ಹತ್ತಿರ ಕಾಣುವ ನೆಟ್ಟನೆಯ ಗೆರೆ ಗ್ರಾಫಿನದೇ ಅಲ್ಲ. ಸಾಧಾರಣ ಆ್ಯಪ್ ಮಾಡುವುದು ಇಷ್ಟು: ಪರದೆಯ ಅಗಲದುದ್ದಕ್ಕೂ ಕೆಲವು ನೂರು ಎಕ್ಸ್‌ಗಳನ್ನು ಆರಿಸಿ, ಪ್ರತಿಯೊಂದಕ್ಕೂ ವೈ ಲೆಕ್ಕ ಹಾಕಿ, ಅಕ್ಕಪಕ್ಕದ ಬಿಂದುಗಳನ್ನು ಗೆರೆಯಿಂದ ಜೋಡಿಸುತ್ತದೆ. 89.9°ಗೆ ಟ್ಯಾನ್ ಸುಮಾರು 573. 90.1°ಗೆ ಸುಮಾರು ಋಣ 573. ನಡುವಿನ 90°ಗೆ ಬೆಲೆಯೇ ಇಲ್ಲ ಎಂಬುದು ಆ್ಯಪ್‌ಗೆ ತಿಳಿಯದೆ ಆ ಎರಡನ್ನೂ ಜೋಡಿಸಿಬಿಡುತ್ತದೆ. ನಿಜದಲ್ಲಿ ಎಕ್ಸ್ = 90° ರೇಖೆ ಟ್ಯಾನ್ ಗ್ರಾಫನ್ನು ಎಲ್ಲೂ ತಾಗುವುದಿಲ್ಲ. ಹಾಗಾಗಿ ಟ್ಯಾನ್ ಫಂಕ್ಷನ್, 90°, 270° ಮುಂತಾದ 90ರ ಬೆಸ ಗುಣಕಗಳನ್ನು ಬಿಟ್ಟ ಡೊಮೇನ್‌ನಲ್ಲಿ. ಹಾಳೆಗೆ ಚಿತ್ರ ಹಾಕುವಾಗ ಆ ಜಾಗದಲ್ಲಿ ಚುಕ್ಕಿಗೆರೆ ಹಾಕಿ, ಅದು ಗ್ರಾಫಿನ ಭಾಗವಲ್ಲ ಎಂದು ಪಕ್ಕದಲ್ಲಿ ಬರೆಯಿರಿ. ಗ್ರಾಫ್ ಬಿಡಿಸುವ ಆ್ಯಪ್‌ಗಳಾದ ಜಿಯೋಜೀಬ್ರಾ, ಡೆಸ್ಮೋಸ್ ಎರಡೂ ಟ್ಯಾನ್ ವಿಷಯದಲ್ಲಿ ಇದನ್ನು ಸರಿಯಾಗಿಯೇ ತೋರಿಸುತ್ತವೆ.

ಮೂಲೆಮಟ್ಟ ಜಾರಿಸುವ ಕೆಲಸವನ್ನು ಡೆಸ್ಮೋಸ್‌ನಲ್ಲಿ ಹೀಗೆ ಮಾಡಬಹುದು: ಮೊದಲ ಸಾಲಿನಲ್ಲಿ ಸಮೀಕರಣ, ಎರಡನೆಯ ಸಾಲಿನಲ್ಲಿ ಎಕ್ಸ್ = ಎ ಎಂದು ಟೈಪ್ ಮಾಡಿದರೆ ಸ್ಲೈಡರ್ ಬೇಕೇ ಎಂದು ಅದೇ ಕೇಳುತ್ತದೆ. ಎಳೆದಂತೆ ರೇಖೆ ಓಡಾಡುತ್ತದೆ. ಒಂದು ಎಚ್ಚರಿಕೆ. ಸ್ಲೈಡರ್ 0.1ರ ಹೆಜ್ಜೆಯಲ್ಲಿ ಕುಪ್ಪಳಿಸುತ್ತಿದ್ದರೆ 2.35ರಲ್ಲಿ ಕೂತಿರುವ ಒಂಟಿ ಚುಕ್ಕಿಯನ್ನು ದಾಟಿಯೇ ಹೋಗುತ್ತದೆ. ಒಂದೇ ಒಂದು ಎಕ್ಸ್‌ನಲ್ಲಿ ಎರಡು ಬಿಂದು ಇದ್ದರೂ ಗ್ರಾಫ್ ಫೇಲ್, ಆ ಒಂದನ್ನೇ ಸ್ಲೈಡರ್ ತಪ್ಪಿಸಬಹುದು.

ಇನ್ನೊಂದು ಪ್ರಶ್ನೆ ನಿಮ್ಮ ಹಾಳೆಗೆ ಸೇರಿಸಿ, ಪರದೆಯ ಚೌಕಟ್ಟು ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವೈ = ಎಕ್ಸ್² ಪ್ಯಾರಾಬೋಲಾವನ್ನು ಮೂಲಬಿಂದುವಿನ ಸುತ್ತ ಬರೀ 1° ತಿರುಗಿಸಿ, ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ. ಎಕ್ಸ್ ಋಣ 10ರಿಂದ 10, ವೈ 0ಯಿಂದ 200 ಎಂಬ ಚೌಕಟ್ಟಿನಲ್ಲಿ ನೋಡಿದರೆ ಸ್ವಲ್ಪ ವಾಲಿದಂತೆ ಕಂಡರೂ ಪ್ರತಿ ರೇಖೆಯೂ ಒಂದೇ ಕಡೆ ತಾಗುತ್ತದೆ. ಆದರೆ ಇದು ಫಂಕ್ಷನ್ ಅಲ್ಲ. ಬಲಗಡೆಯ ತೋಳು ಎಕ್ಸ್ ಸುಮಾರು 14.3, ಎತ್ತರ ಸುಮಾರು 821ರ ಹತ್ತಿರ ಹೋಗಿ ಎಡಕ್ಕೆ ತಿರುಗಿಕೊಳ್ಳುತ್ತದೆ. ಎಕ್ಸ್ = 10ರ ರೇಖೆ ಅದನ್ನು ಸುಮಾರು 167ರ ಎತ್ತರದಲ್ಲಿ ಒಮ್ಮೆ, ಸುಮಾರು 1970ರ ಎತ್ತರದಲ್ಲಿ ಇನ್ನೊಮ್ಮೆ ಕತ್ತರಿಸುತ್ತದೆ. ಪ್ಯಾರಾಬೋಲಾವನ್ನು ಅದರ ಅಕ್ಷಕ್ಕೆ ಸಮಾಂತರವಾದ ರೇಖೆ ಮಾತ್ರ ಯಾವಾಗಲೂ ಒಂದೇ ಕಡೆ ಕತ್ತರಿಸುವುದು. ಅಕ್ಷ ಕೂದಲೆಳೆಯಷ್ಟು ವಾಲಿದರೂ ಲಂಬ ರೇಖೆಗೆ ಆ ಸ್ಥಾನ ಹೋಯಿತು.

ವಾಸ್ಕೋ ಬಂದರು

ಮೇಲಿನವರ ಮಾತೆಲ್ಲ ಸರಿ. ಒಂದು ಸಂಗತಿ ಸೇರಿಸುತ್ತೇನೆ, ಏಕೆಂದರೆ ಹಾಳೆಯಲ್ಲಿ ನಿತ್ಯದ ಉದಾಹರಣೆ ಬಸ್ಸಿನದೊಂದೇ ಇದೆ. ಈ ಪರೀಕ್ಷೆ ಉತ್ತರಿಸುವುದು "ವೈ ಎಂಬುದು ಎಕ್ಸ್‌ನ ಫಂಕ್ಷನ್ ಹೌದೋ" ಎಂಬ ಒಂದೇ ಪ್ರಶ್ನೆಗೆ. ಅಕ್ಷಗಳನ್ನು ಅದಲು ಬದಲು ಮಾಡಿದರೆ ಪ್ರಶ್ನೆಯೇ ಬದಲಾಗುತ್ತದೆ.

ಮುಂಬಯಿ ಮಕ್ಕಳಿಗೆ ಲೋಕಲ್ ಗಾಡಿ ತೆಗೆದುಕೊಳ್ಳಿ. ಅಡ್ಡ ಅಕ್ಷದಲ್ಲಿ ಸಮಯ, ನೆಟ್ಟಗಿನ ಅಕ್ಷದಲ್ಲಿ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದಿಂದ ದೂರ. ದಾದರ್ ಸುಮಾರು 9 ಕಿ.ಮೀ., ಠಾಣೆ ಸುಮಾರು 34. ಗಾಡಿ ಓಡುವಾಗ ಗೆರೆ ಮೇಲೇರುತ್ತದೆ, ದಾದರ್‌ನಲ್ಲಿ ನಿಂತಾಗ ಮಟ್ಟಸವಾಗುತ್ತದೆ, ಠಾಣೆಯಿಂದ ಮರಳಿದರೆ ಇಳಿಯುತ್ತದೆ. ಎಲ್ಲಿ ಲಂಬ ರೇಖೆ ಎಳೆದರೂ ಒಂದೇ ಬಿಂದು, ಏಕೆಂದರೆ ಒಂದು ಗಾಡಿ ಒಂದೇ ಹೊತ್ತಿಗೆ ದಾದರ್‌ನಲ್ಲೂ ಠಾಣೆಯಲ್ಲೂ ಇರಲಾರದು. ಈಗ ಅಕ್ಷ ಬದಲಿಸಿ: ದೂರ ಅಡ್ಡಕ್ಕೆ, ಸಮಯ ನೆಟ್ಟಗೆ. ದಾದರ್‌ನಲ್ಲಿ ನಿಂತ ಅರ್ಧ ನಿಮಿಷ ಈಗ 9ರ ಮೇಲೆ ಒಂದು ಲಂಬ ತುಣುಕು. ಫೇಲ್. ಮರಳಿ ಬರುವ ಪ್ರಯಾಣ ಸೇರಿಸಿದರೆ ಪ್ರತಿ ದೂರಕ್ಕೂ ಎರಡೆರಡು ಸಮಯ. ಅದೂ ಫೇಲ್. ಗಾಡಿ ಅದೇ, ಓಟ ಅದೇ, ಕೇಳಿದ ಪ್ರಶ್ನೆ ಮಾತ್ರ ಬೇರೆ.

ಗೋವಾದವರಿಗೂ ಮುಂಬಯಿಯವರಿಗೂ ಹತ್ತಿರದ ಇನ್ನೊಂದು, ಕಡಲಿನ ಉಬ್ಬರ ಇಳಿತ. ಮುಂಬಯಿಯಲ್ಲಿ ಮಳೆಗಾಲದ ದೊಡ್ಡ ಉಬ್ಬರ 4.5 ಮೀಟರ್ ದಾಟುತ್ತದೆ. ಗೋವಾದಲ್ಲಿ ಎತ್ತರ ಅದಕ್ಕಿಂತ ಬಹಳ ಕಡಿಮೆ, ಆದರೆ ಎರಡೂ ಕಡೆ ದಿನಕ್ಕೆ ಸಾಮಾನ್ಯವಾಗಿ ಎರಡು ಉಬ್ಬರ, ಸುಮಾರು 12 ಗಂಟೆ 25 ನಿಮಿಷದ ಅಂತರದಲ್ಲಿ. ಸಮಯ ಹೇಳಿದರೆ ನೀರಿನ ಎತ್ತರ ಒಂದೇ, ಆದ್ದರಿಂದ ಎತ್ತರ ಸಮಯದ ಫಂಕ್ಷನ್. ಆದರೆ ನಡುಮಟ್ಟದ ಒಂದು ಎತ್ತರವನ್ನು ನೀರು ಏರುವಾಗ ಎರಡು ಸಲ, ಇಳಿಯುವಾಗ ಎರಡು ಸಲ ಮುಟ್ಟುತ್ತದೆ. ಅಡ್ಡಗೆರೆ ಎಳೆದರೆ ದಿನಕ್ಕೆ ಸುಮಾರು ನಾಲ್ಕು ಕಡೆ ತಾಗುತ್ತದೆ. ಇದನ್ನು ಕಂಡ ಮಕ್ಕಳು "ನಾಲ್ಕು ಕಡೆ ಕತ್ತರಿಸಿತು, ಫಂಕ್ಷನ್ ಅಲ್ಲ" ಎಂದು ಬರೆಯುತ್ತಾರೆ. ಅಡ್ಡಗೆರೆಯ ಪರೀಕ್ಷೆ ಬೇರೆ: ಫಂಕ್ಷನ್ ಒಂದಕ್ಕೊಂದು (ಒಂದು ವೈಗೆ ಒಂದೇ ಎಕ್ಸ್) ಹೌದೋ, ಅದರ ವಿಲೋಮವೂ (ವೈಯಿಂದ ಎಕ್ಸ್‌ಗೆ ಮರಳುವ ಸಂಬಂಧ) ಫಂಕ್ಷನ್ ಆದೀತೋ ಎಂದು ಅದು ಹೇಳುತ್ತದೆ. ಮೊದಲು ಲಂಬದಲ್ಲಿ ಪಾಸಾಗಬೇಕು, ಆಮೇಲಷ್ಟೇ ಅಡ್ಡದ ಮಾತು.

ವೃತ್ತದ ಬಗ್ಗೆಯೂ ಜಾಣ ಮಕ್ಕಳು ಕೇಳುತ್ತಾರೆ: ಎಕ್ಸ್ = 5 ಕಾಸ್ ಟಿ, ವೈ = 5 ಸೈನ್ ಟಿ ಎಂದು ಬರೆದರೆ ಎರಡೂ ಫಂಕ್ಷನ್ನೇ ಅಲ್ಲವೇ, ಮತ್ತೆ ವೃತ್ತ ಫೇಲ್ ಹೇಗೆ ಎಂದು. ಎರಡೂ ಟಿಯ ಫಂಕ್ಷನ್‌ಗಳು. ವೈ ಎಕ್ಸ್‌ನ ಫಂಕ್ಷನ್ ಅಲ್ಲ.

ಮುಲುಂಡ್ ಟ್ಯೂಷನ್

ಎಲ್ಲರಿಗೂ ತುಂಬಾ ಧನ್ಯವಾದ. ಬಸ್ಸಿನ ವೃತ್ತಗಳನ್ನು ದೊಡ್ಡದು ಮಾಡಿದ್ದಾಯಿತು, ಲೋಕಲ್ ಗಾಡಿಯ ಎರಡೂ ಚಿತ್ರ ಸೇರಿಸುತ್ತೇನೆ. ಮೇಷ್ಟ್ರೇ, ಇನ್ನೆರಡು ಅನುಮಾನ. ಚಿತ್ರ ಕೊಡದೆ ಸಮೀಕರಣ ಮಾತ್ರ ಕೊಟ್ಟರೆ "ವೈಯ ಘಾತ ಸಮವಾಗಿದ್ದರೆ ಫಂಕ್ಷನ್ ಅಲ್ಲ, ಬೆಸವಾಗಿದ್ದರೆ ಹೌದು" ಎಂಬ ಸೂತ್ರ ಗೈಡುಗಳಲ್ಲಿ ಓಡಾಡುತ್ತಿದೆ. ನಂಬಬಹುದೇ? ಉತ್ತರ ಬರೆಯುವ ರೀತಿಯನ್ನೂ ದಯವಿಟ್ಟು ಹೇಳಿ.

ಕೋಥ್ರೂಡ್ ಮೇಷ್ಟ್ರು

ನಂಬಬೇಡಿ, ಎರಡೂ ಕಡೆ ಮುರಿಯುತ್ತದೆ.

ವೈ³ − ವೈ = ಎಕ್ಸ್ ನೋಡಿ. ಘಾತ ಬೆಸ. ಆದರೆ ಎಕ್ಸ್ = 0 ಹಾಕಿದರೆ ವೈ = 0, 1, ಋಣ 1, ಮೂರು ಉತ್ತರ. ಫಂಕ್ಷನ್ ಅಲ್ಲ. ಇದರಲ್ಲಿ ಎಕ್ಸ್ = 1 ಹಾಕಿ ನೋಡಿದವರಿಗೆ ಒಂದೇ ವೈ ಸಿಕ್ಕುತ್ತದೆ, ಅವರು ಪಾಸ್ ಮಾಡಿ ಮುಂದೆ ಹೋಗುತ್ತಾರೆ. ಮೂರು ಬಿಂದು ಸಿಕ್ಕುವುದು ಎಕ್ಸ್ ಸುಮಾರು ಋಣ 0.385ರಿಂದ 0.385ರೊಳಗೆ ಇದ್ದಾಗ ಮಾತ್ರ. ಚಿಹ್ನೆ ಬದಲಿಸಿ ವೈ³ + ವೈ = ಎಕ್ಸ್ ಮಾಡಿದರೆ ಫಂಕ್ಷನ್ ಆಗುತ್ತದೆ: ವೈ ಹೆಚ್ಚಿದಂತೆ ಎಡಪಕ್ಕ ಹೆಚ್ಚುತ್ತಲೇ ಹೋಗುವುದರಿಂದ ಎರಡು ಬೇರೆ ವೈಗಳು ಒಂದೇ ಎಕ್ಸ್ ಕೊಡಲಾರವು. ಸಮಘಾತದ ಕಡೆ, ಎಕ್ಸ್² + ವೈ² = 0 ಎಂಬುದರ ಗ್ರಾಫ್ ಮೂಲಬಿಂದುವೊಂದೇ. ಒಂದೇ ಬಿಂದು ಇರುವ ಗ್ರಾಫ್ ಫೇಲ್ ಆಗುವುದು ಹೇಗೆ? ಡೊಮೇನ್‌ನಲ್ಲಿ ಸೊನ್ನೆ ಮಾತ್ರ ಇರುವ ಫಂಕ್ಷನ್ ಅದು. ಘಾತ ನೋಡುವುದು ಬಿಟ್ಟು, ಎಕ್ಸ್ ಗೊತ್ತಿದೆ ಎಂದಿಟ್ಟುಕೊಂಡು ವೈಗೆ ಬಿಡಿಸಿ, ಎಷ್ಟು ಉತ್ತರ ಬರುತ್ತವೆ ಎಂದು ಎಣಿಸುವುದೇ ದಾರಿ.

ಬರೆಯುವ ರೀತಿ. ಫಂಕ್ಷನ್ ಅಲ್ಲ ಎನ್ನಲು ಒಂದೇ ಎಕ್ಸ್ ಸಾಕು, ಆದರೆ ಆ ಎಕ್ಸ್ ಮತ್ತು ಎರಡು ವೈಗಳನ್ನು ಅಂಕಿಯಲ್ಲಿ ಬರೆಯಲೇಬೇಕು: "ಎಕ್ಸ್ = 3 ಆದಾಗ ವೈ = 4 ಮತ್ತು ವೈ = ಋಣ 4; ಆದ್ದರಿಂದ ಫಂಕ್ಷನ್ ಅಲ್ಲ." ಬರೀ "ಲಂಬರೇಖಾ ಪರೀಕ್ಷೆಯಲ್ಲಿ ವಿಫಲ" ಎಂದರೆ ಕಾರಣ ಕೊಟ್ಟಂತಾಗುವುದಿಲ್ಲ. ಫಂಕ್ಷನ್ ಹೌದು ಎನ್ನುವುದು ಕಷ್ಟದ ಕಡೆ. ಅಲ್ಲಿ ಐದಾರು ಎಕ್ಸ್ ಹಾಕಿ ತೋರಿಸಿದರೆ ಸಾಲದು, ಎಲ್ಲ ಎಕ್ಸ್‌ಗೂ ಸಲ್ಲುವ ಮಾತು ಬೇಕು. ಚಿತ್ರ ಕೊಟ್ಟಿದ್ದರೆ "ಪ್ರತಿ ಲಂಬ ರೇಖೆಯೂ ಗ್ರಾಫನ್ನು ಹೆಚ್ಚೆಂದರೆ ಒಂದು ಬಿಂದುವಿನಲ್ಲಿ ಛೇದಿಸುತ್ತದೆ" ಎಂದು ಬರೆದು ಡೊಮೇನ್ ಹೇಳಿ. ಸಮೀಕರಣ ಕೊಟ್ಟಿದ್ದರೆ ವೈಗೆ ಬಿಡಿಸಿ ತೋರಿಸಿ. ವಾಶಿಯವರು ಹೇಳಿದ 1° ಪ್ಯಾರಾಬೋಲಾ ನೆನಪಿದ್ದರೆ ತಾವೇ ಬಿಡಿಸಿದ ಗ್ರಾಫನ್ನು ಯಾರೂ ಸಾಧನೆ ಎಂದು ಒಪ್ಪಿಸುವುದಿಲ್ಲ.

ಪಣಜಿ ಗ್ರಂಥಪಾಲ

ಎರಡು ಸಣ್ಣ ಸೇರ್ಪಡೆ.

ಕರ್ನಾಟಕದ ಪುಸ್ತಕಗಳಲ್ಲಿ ಫಂಕ್ಷನ್‌ಗೆ "ಉತ್ಪನ್ನ" ಎಂಬ ಪದವಿದೆ, ಮರಾಠಿಯಲ್ಲಿ "ಫಲನ". ನಮ್ಮ ಮಕ್ಕಳು ಉತ್ಪನ್ನ ಎಂದೊಡನೆ ಗುಣಲಬ್ಧ ಎಂದುಕೊಳ್ಳುತ್ತಾರೆ. ಹಾಳೆಯ ಮೊದಲ ಸಾಲಿನಲ್ಲಿ ಮೂರೂ ಪದ ಒಂದೇ ಎಂದು ಬರೆದುಬಿಡಿ. "ಒಂದು ಎಕ್ಸ್‌ಗೆ ಒಂದೇ ವೈ" ಎಂಬ ನಿಯಮ ಆಕಾಶದಿಂದ ಬಿದ್ದದ್ದಲ್ಲ ಎಂದೂ ಹೇಳಬಹುದು. ಗಣಿತಜ್ಞ ಆಯ್ಲರ್ 1748ರಲ್ಲಿ ಬರೆಯುವಾಗ ಒಂದು ಎಕ್ಸ್‌ಗೆ ಹಲವು ಬೆಲೆ ಕೊಡುವುವನ್ನೂ ಫಂಕ್ಷನ್ ಎಂದೇ ಕರೆದಿದ್ದ. ಪ್ರತಿ ಎಕ್ಸ್‌ಗೆ ಒಂದೇ ವೈ ಎಂದು ಬಿಗಿಯಾಗಿ ಹೇಳಿದ್ದು 1837ರಲ್ಲಿ ಡಿರಿಕ್ಲೆ.

ಇನ್ನೊಂದು ನಿಮ್ಮ ನಾಲ್ಕನೆಯ ಚಿತ್ರದ ಬಗ್ಗೆ. ಮೇಷ್ಟ್ರ ಉತ್ತರ ಸರಿ, ಆದರೆ ಪ್ರಶ್ನೆ "ಎಲ್ಲ ವಾಸ್ತವ ಸಂಖ್ಯೆಗಳಿಂದ ವಾಸ್ತವ ಸಂಖ್ಯೆಗಳಿಗೆ ಇದು ಫಂಕ್ಷನ್ ಹೌದೇ" ಎಂದಿದ್ದರೆ ಉತ್ತರ ಅಲ್ಲ ಎಂದೇ. ಡೊಮೇನನ್ನು ಮೊದಲೇ ಕೊಟ್ಟುಬಿಟ್ಟಾಗ ಅದರಲ್ಲಿರುವ ಪ್ರತಿ ಎಕ್ಸ್‌ಗೂ ವೈ ಇರಬೇಕು, "ಹೆಚ್ಚೆಂದರೆ ಒಂದು" ಎಂಬುದು "ಸರಿಯಾಗಿ ಒಂದು" ಆಗುತ್ತದೆ. ಋಣ 4ಕ್ಕೆ ಇಲ್ಲಿ ವೈ ಇಲ್ಲ. ಎಡಗಡೆ ಏನೂ ತಾಗಲಿಲ್ಲ ಎಂದು ವಾದಿಸಿದ ನಿಮ್ಮ ಮಕ್ಕಳು ಈ ಪ್ರಶ್ನೆಗಾದರೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾರೆ.

ಮುಲುಂಡ್ ಟ್ಯೂಷನ್

ಹಾಗಾದರೆ ನಾಲ್ಕನೆಯದನ್ನು ಎರಡು ಪ್ರಶ್ನೆ ಮಾಡುತ್ತೇನೆ. ಚಿತ್ರ ಅದೇ. ಒಂದರ ಕೆಳಗೆ "ಡೊಮೇನ್: ಎಕ್ಸ್ ≥ 0", ಇನ್ನೊಂದರ ಕೆಳಗೆ "ಡೊಮೇನ್: ಎಲ್ಲ ವಾಸ್ತವ ಸಂಖ್ಯೆಗಳು".